ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಮೈಯೆಲ್ಲಾ ನೋವು: ಫೈಬ್ರೊಮಯಾಲ್ಜಿಯ ಬಗ್ಗೆ ನಾವು ತಪ್ಪು ತಿಳಿದಿರುವುದು

ನಮ್ಮ ಅಕ್ಕನ ಮನೆಯ ಬೀರುವಿನಲ್ಲಿ ಬಟ್ಟೆ ಅಂಗಡಿಯ ಹಳೆಯ ಕವರ್ ಒಂದಿದೆ. ಅದರ ತುಂಬಾ ರಿಪೋರ್ಟುಗಳು. ರಕ್ತದ್ದು, ಥೈರಾಯ್ಡಿನದ್ದು, ಸೊಂಟದ ಎಕ್ಸ್‌ರೇ, ಕುತ್ತಿಗೆಯ ಎಂಆರ್‌ಐ. ಆರು ವರ್ಷದ ಕಾಗದ ಅದು. ಒಂದೊಂದು ರಿಪೋರ್ಟ್ ಬಂದಾಗಲೂ ನಾವೆಲ್ಲ "ಸದ್ಯ, ಏನೂ ಇಲ್ಲ, ಎಲ್ಲಾ ನಾರ್ಮಲ್" ಅಂತ ಸಮಾಧಾನಪಡುತ್ತಿದ್ದೆವು. ಅಕ್ಕ ಮಾತ್ರ ಒಳಗೆ ಹೋಗಿ ಅಳುತ್ತಿದ್ದಳು. ಒಳ್ಳೆ ಸುದ್ದಿಗೆ ಯಾಕೆ ಅಳ್ತಾಳೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ರಿಪೋರ್ಟಿನಲ್ಲಿ ಏನಾದರೂ ಸಿಕ್ಕಿದ್ದರೆ ಅವಳ ನೋವಿಗೆ ಒಂದು ಸಾಕ್ಷಿ ಸಿಗುತ್ತಿತ್ತು. ನಾರ್ಮಲ್ ಅಂತ ಬಂದಾಗಲೆಲ್ಲ ಮನೆಯವರ ಕಣ್ಣಲ್ಲಿ ಅವಳು ಇನ್ನಷ್ಟು ಸುಳ್ಳುಗಾತಿ ಆಗುತ್ತಿದ್ದಳು.

ಏಳನೇ ವರ್ಷ ಒಬ್ಬ ಸಂಧಿವಾತ ತಜ್ಞರು ಮುಕ್ಕಾಲು ಗಂಟೆ ಕೂತು ಅವಳ ಮಾತು ಕೇಳಿದರು. ಎಲ್ಲೆಲ್ಲಿ ನೋವು, ಎಷ್ಟು ತಿಂಗಳಿಂದ, ನಿದ್ದೆ ಹೇಗೆ, ಬೆಳಿಗ್ಗೆ ಎದ್ದಾಗ ಮೈ ಹೇಗಿರುತ್ತದೆ, ಮರೆವು ಜಾಸ್ತಿಯಾಗಿದೆಯಾ ಅಂತ ಒಂದೊಂದಾಗಿ ವಿಚಾರಿಸಿದರು. ಆಮೇಲೆ ಒಂದು ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯ.

ಬಿಡಿಸಿ ನೋಡಿದರೆ ಫೈಬ್ರೊ ಅಂದರೆ ನಾರು, ಮಯೊ ಅಂದರೆ ಸ್ನಾಯು, ಆಲ್ಜಿಯ ಅಂದರೆ ನೋವು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಹೀಗೆ ಕರೆಯುವುದಿಲ್ಲ. ಮೈ ಕೈ ನೋವು, ವಾಯು, ನರಗಳ ವೀಕ್ನೆಸ್, ಕ್ಯಾಲ್ಸಿಯಂ ಕಡಿಮೆ ಅಂತೇವೆ. ಬೆನ್ನ ಹಿಂದೆ ಮೈಗಳ್ಳತನ ಅಂತೇವೆ. ಮೂರು ತಿಂಗಳಿಗೂ ಮೀರಿ ಮೈಯ ಹಲವು ಕಡೆ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು, ರಾತ್ರಿಯೆಲ್ಲ ಮಲಗಿದರೂ ನಿದ್ದೆ ಮಾಡಿಲ್ಲ ಅನ್ನಿಸುವ ಬೆಳಗು, ತಲೆಗೆ ಮಂಕು ಕವಿದ ಹಾಗಿನ ಮರೆವು. ಇವೆಲ್ಲ ಜೊತೆಯಾಗಿ ಬರುವ ಕಾಯಿಲೆ ಇದು. ನೂರು ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ ಇರುತ್ತದೆ ಅಂತ ಬೇರೆ ಬೇರೆ ದೇಶಗಳ ಲೆಕ್ಕ ಹೇಳುತ್ತದೆ. ಇನ್ನೂರು ಜನರ ಒಂದು ಬೀದಿಯಲ್ಲಿ ನಾಲ್ಕರಿಂದ ಎಂಟು ಜನ ಅಂದುಕೊಳ್ಳಿ. ಅವರು ಯಾರು ಅಂತ ಬೀದಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ.

"ರಿಪೋರ್ಟಲ್ಲಿ ಏನೂ ಇಲ್ಲ ಅಂದ್ಮೇಲೆ ಕಾಯಿಲೆ ಎಲ್ಲಿಂದ ಬಂತು?"

ಎಲ್ಲ ತಪ್ಪು ತಿಳಿವಳಿಕೆಗಳ ಬೇರು ಈ ಒಂದು ಪ್ರಶ್ನೆಯಲ್ಲಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಊರ ಹಬ್ಬದಲ್ಲಿ ಮೈಕ್ ಸೆಟ್ ಹಾಕಿರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಹಾಡುವವರು ಮೆಲ್ಲಗೆ ಹಾಡುತ್ತಿದ್ದಾರೆ. ಆದರೆ ಆಂಪ್ಲಿಫೈಯರಿನ ವಾಲ್ಯೂಮ್ ಯಾರೋ ಪೂರ್ತಿ ಏರಿಸಿಬಿಟ್ಟಿದ್ದಾರೆ. ಸ್ಪೀಕರ್ ಪಕ್ಕದ ಮನೆಯವರಿಗೆ ಕಿವಿ ತಮಟೆ ಹರಿಯುವಷ್ಟು ಸದ್ದು. ಈಗ ಯಾರಾದರೂ ಬಂದು ಹಾಡುವವರ ಗಂಟಲು ಪರೀಕ್ಷೆ ಮಾಡಿ "ಗಂಟಲು ಸರಿಯಾಗಿದೆ, ಸದ್ದು ಜಾಸ್ತಿ ಇರೋಕೆ ಸಾಧ್ಯವೇ ಇಲ್ಲ" ಅಂದರೆ ಹೇಗಿರುತ್ತದೆ?

ಎಕ್ಸ್‌ರೇ ನೋಡುವುದು ಮೂಳೆಯನ್ನು. ಇಎಸ್‌ಆರ್, ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಗಳು ನೋಡುವುದು ಉರಿಯೂತವನ್ನು. ಇವೆಲ್ಲ ಹಾಡುವವರ ಗಂಟಲಿನ ಪರೀಕ್ಷೆಗಳು. ಫೈಬ್ರೊಮಯಾಲ್ಜಿಯದಲ್ಲಿ ಕೆಟ್ಟಿರುವುದು ಆಂಪ್ಲಿಫೈಯರ್. ಮೈಯ ಮೂಲೆ ಮೂಲೆಯಿಂದ ಬರುವ ಸುದ್ದಿಯನ್ನು ಬೆನ್ನುಹುರಿ ಮತ್ತು ಮಿದುಳು ಸ್ವೀಕರಿಸಿ, ಇದು ಎಷ್ಟು ನೋವು ಅಂತ ತೀರ್ಮಾನಿಸುತ್ತವೆ. ಆ ಜಾಗದಲ್ಲಿ ವಾಲ್ಯೂಮ್ ಏರಿ ಕೂತಿದೆ. ಬೇರೆಯವರಿಗೆ ಸುಮ್ನೆ ಮುಟ್ಟಿದ ಹಾಗೆ ಅನ್ನಿಸುವುದು ಇವರಿಗೆ ನೋವು. ಬೇರೆಯವರಿಗೆ ಸಣ್ಣ ನೋವು ಅನ್ನಿಸುವುದು ಇವರಿಗೆ ತಡೆಯಲಾರದ ನೋವು.

ಇದು ಬರೀ ಹೋಲಿಕೆಯಲ್ಲ ಅಂತ ನನಗೆ ಮನದಟ್ಟಾದದ್ದು ಒಂದು ಬಳೆಯ ಪ್ರಸಂಗದಿಂದ.

ನಮ್ಮ ಚಿಕ್ಕಮ್ಮನ ಮಗಳ ಸೀಮಂತ. ಬಳೆಗಾರರು ಚಾಪೆ ಮೇಲೆ ಕೂತು ಬಂದವರಿಗೆಲ್ಲ ಬಳೆ ತೊಡಿಸುತ್ತಿದ್ದರು. ಅಕ್ಕನ ಸರದಿ ಬಂತು. ಹಸಿರು ಗಾಜಿನ ಬಳೆ. ಬಳೆಗಾರರು ಎಲ್ಲರಿಗೂ ಮಾಡಿದ ಹಾಗೆಯೇ ಅವಳ ಕೈಯನ್ನೂ ಮಡಿಸಿ, ಹೆಬ್ಬೆರಳ ಬುಡ ಅಮುಕಿ ಬಳೆ ಏರಿಸಿದರು. ಅಕ್ಕ ಚೀರಿಬಿಟ್ಟಳು. ಕಣ್ಣಿಂದ ನೀರು ಇಳಿಯಿತು. ಸುತ್ತ ಇದ್ದವರು ಗೊಳ್ಳೆಂದು ನಕ್ಕರು. "ಎರಡು ಹೆತ್ತವಳು, ಬಳೆ ತೊಡಿಸಿದ್ದಕ್ಕೆ ಅಳ್ತೀಯಲ್ಲೇ" ಅಂದರು ದೊಡ್ಡಮ್ಮ. ನಾನೂ ನಕ್ಕಿದ್ದೆ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎಷ್ಟೋ ಕಾಲದ ಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. 2002ರಲ್ಲಿ ಅಮೆರಿಕದ ರಿಚರ್ಡ್ ಗ್ರೇಸ್ಲಿ ಮತ್ತು ಅವರ ತಂಡದವರು ಮಾಡಿದ್ದು. ಅವರೂ ಹೆಬ್ಬೆರಳನ್ನೇ ಆರಿಸಿಕೊಂಡಿದ್ದರು! ಫೈಬ್ರೊಮಯಾಲ್ಜಿಯ ಇರುವ 16 ಜನ, ಇಲ್ಲದ 16 ಜನ. ಒಬ್ಬೊಬ್ಬರನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹೆಬ್ಬೆರಳಿನ ಉಗುರಿನ ಮೇಲೆ ಅಳತೆ ಮಾಡಿ ಒತ್ತಿದರು. ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಅಂತ ಅದೇ ಹೊತ್ತಿನಲ್ಲಿ ನೋಡಿದರು. ಆರೋಗ್ಯವಂತರಿಗೆ ನೋವಾಗಲು ಎಷ್ಟು ಜೋರಾಗಿ ಒತ್ತಬೇಕೋ, ಹೆಚ್ಚುಕಡಿಮೆ ಅದರ ಅರ್ಧಕ್ಕೇ ಕಾಯಿಲೆ ಇರುವವರಿಗೆ ಅಷ್ಟೇ ನೋವಾಯಿತು. ಬಾಯಲ್ಲಿ ಹೇಳಿದ್ದು ಮಾತ್ರ ಅಲ್ಲ. ಮಿದುಳಿನಲ್ಲಿ ನೋವಿಗೆ ಸಂಬಂಧಪಟ್ಟ ಜಾಗಗಳೂ ಹಾಗೆಯೇ ಬೆಳಗಿದವು. ಅಷ್ಟೇ ಮೆಲ್ಲಗೆ ಒತ್ತಿದಾಗ ಆರೋಗ್ಯವಂತರ ಮಿದುಳಿನಲ್ಲಿ ಅಷ್ಟೊಂದು ಕಡೆ ಬೆಳಗಲಿಲ್ಲ. ಯಾರೂ ತಮ್ಮ ಮಿದುಳಿನ ಚಿತ್ರದಲ್ಲಿ ಹೀಗೆ ನಾಟಕ ಆಡಲಾರರು.

ಇದನ್ನು ಓದಿ ಮುಗಿಸಿ ನಾನು ಅಕ್ಕನಿಗೆ ಫೋನ್ ಮಾಡಿದೆ. ಅವತ್ತು ಬಳೆ ತೊಡಿಸುವಾಗ ಹೇಗಾಗಿತ್ತು ಅಂತ ಮೊದಲ ಸಲ ಕೇಳಿದೆ. "ಕೈ ಮೇಲಲ್ಲ ಕಣೇ, ಮೂಳೆಯೊಳಗೆ ಕೆಂಡ ಇಟ್ಟ ಹಾಗಾಯ್ತು" ಅಂದಳು.

ಇನ್ನೂ ಒಂದು ಪುರಾವೆ ಇದೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿ ನೋವಿನ ಸುದ್ದಿ ಸಾಗಿಸುವ ಒಂದು ರಾಸಾಯನಿಕ ಇರುತ್ತದೆ. ಅದರ ಹೆಸರು ಸಬ್‌ಸ್ಟೆನ್ಸ್ ಪಿ. ಈ ಕಾಯಿಲೆ ಇರುವವರಲ್ಲಿ ಅದು ಸುಮಾರು ಮೂರು ಪಟ್ಟು ಜಾಸ್ತಿ ಇರುವುದು ಕಂಡುಬಂದಿದೆ. ಇನ್ನೊಂದು ಕಡೆ, ನೋವಿಗೆ ಬ್ರೇಕ್ ಹಾಕುವ ಏರ್ಪಾಡೂ ನಮ್ಮ ಮೈಯಲ್ಲಿದೆ. ಕಾಲು ಎಡವಿದಾಗ ಮೊದಲು ಪ್ರಾಣ ಹೋದ ಹಾಗಾಗಿ, ಐದು ನಿಮಿಷದಲ್ಲಿ ಇಳಿಯುತ್ತದೆ ಅಲ್ವಾ? ಮಿದುಳು ಕೆಳಗೆ ಸಂದೇಶ ಕಳಿಸಿ ನೋವನ್ನು ತಗ್ಗಿಸುವುದೂ ಅದಕ್ಕೊಂದು ಕಾರಣ. ಫೈಬ್ರೊಮಯಾಲ್ಜಿಯದಲ್ಲಿ ಈ ಬ್ರೇಕ್ ಸಡಿಲ. ವಾಲ್ಯೂಮ್ ಜಾಸ್ತಿ, ಬ್ರೇಕ್ ಕಡಿಮೆ. ಎರಡೂ ಸೇರಿದರೆ ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ ಉಬ್ಬಿದರೂ ನೋವು, ಮಗು ಓಡಿ ಬಂದು ತಬ್ಬಿದರೂ ನೋವು.

ಗಾಯದಿಂದ ಬರುವ ನೋವು ಒಂದು ಬಗೆ. ಸಕ್ಕರೆ ಕಾಯಿಲೆಯವರಿಗೆ ಆಗುವ ಹಾಗೆ ನರವೇ ಹಾಳಾಗಿ ಬರುವ ನೋವು ಇನ್ನೊಂದು ಬಗೆ. ಬಹಳ ಕಾಲ ವೈದ್ಯಶಾಸ್ತ್ರ ಈ ಎರಡನ್ನೇ ಹೇಳುತ್ತಿತ್ತು. 2017ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಮೂರನೆಯದನ್ನೂ ಸೇರಿಸಿತು. ಅದಕ್ಕೆ ನೋಸಿಪ್ಲಾಸ್ಟಿಕ್ ನೋವು ಅಂತ ಹೆಸರು. ನೋವನ್ನು ಸಂಭಾಳಿಸುವ ವ್ಯವಸ್ಥೆಯೇ ಬದಲಾಗಿ ಬರುವ ನೋವು ಅಂತ ಅರ್ಥ. ಫೈಬ್ರೊಮಯಾಲ್ಜಿಯ ಅದರ ಮುಖ್ಯ ಉದಾಹರಣೆ.

"ಇದೆಲ್ಲಾ ಮನಸ್ಸಿನದ್ದು"

ಅಕ್ಕನಿಗೆ ಮೊದಲು ಬರೆದುಕೊಟ್ಟ ಮಾತ್ರೆ ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಒಂದು. ಮನೆಗೆ ಬಂದ ಮೇಲೆ ಮಗ ಮೊಬೈಲಿನಲ್ಲಿ ಆ ಹೆಸರು ಹುಡುಕಿದ. "ಅಮ್ಮ, ಇದು ಡಿಪ್ರೆಶನ್ ಮಾತ್ರೆ" ಅಂದ. ಅಕ್ಕ ಚೀಟಿಯನ್ನು ಹರಿದು ಹಾಕಿದಳು. "ಅವರೂ ನನ್ನನ್ನು ಹುಚ್ಚಿ ಅಂದ್ಕೊಂಡ್ರು" ಅನ್ನುವುದೇ ಅವಳ ದುಃಖ. ಎರಡು ತಿಂಗಳು ಹಾಗೇ ಹೋಯಿತು.

ಆ ಡಾಕ್ಟರು ಒಂದು ಮಾತು ಹೆಚ್ಚಿಗೆ ಹೇಳಿದ್ದರೆ ಸಾಕಿತ್ತು. ಮೇಲೆ ಹೇಳಿದ ಬ್ರೇಕ್ ಕೆಲಸ ಮಾಡುವುದು ಸೆರೊಟೋನಿನ್, ನಾರ್‌ಎಪಿನೆಫ್ರಿನ್ ಅನ್ನುವ ರಾಸಾಯನಿಕಗಳಿಂದ. ಮನಸ್ಸಿನ ಖಿನ್ನತೆಗೂ ಇವಕ್ಕೂ ಸಂಬಂಧ ಇದೆ, ನೋವಿನ ಬ್ರೇಕಿಗೂ ಸಂಬಂಧ ಇದೆ. ಒಂದೇ ಮಾತ್ರೆ ಎರಡು ಕೆಲಸಕ್ಕೆ ಬರುತ್ತದೆ. ಖಿನ್ನತೆಗೆ ಕೊಡುವಾಗ ಅಮಿಟ್ರಿಪ್ಟಿಲಿನ್ ಪ್ರಮಾಣ ಸಾಮಾನ್ಯವಾಗಿ ಇದರ ಎಷ್ಟೋ ಪಟ್ಟು ಜಾಸ್ತಿ. 10 ಮಿಲಿಗ್ರಾಂ ಕೊಡುವುದು ನಿದ್ದೆಗೆ ಮತ್ತು ನೋವಿಗೆ. ಡುಲೊಕ್ಸೆಟಿನ್ ಅನ್ನುವ ಇನ್ನೊಂದು ಖಿನ್ನತೆಯ ಮಾತ್ರೆ ಕೂಡ ಹೀಗೆಯೇ. ಖಿನ್ನತೆ ಇಲ್ಲದ ರೋಗಿಗಳಲ್ಲೂ ಅದು ನೋವು ತಗ್ಗಿಸುತ್ತದೆ.

ಹಾಗಂತ ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಹೇಳಿದರೆ ಅದೂ ತಪ್ಪು. ಒತ್ತಡ ಜಾಸ್ತಿಯಾದರೆ ನೋವು ಜಾಸ್ತಿಯಾಗುತ್ತದೆ. ಈ ಕಾಯಿಲೆ ಇರುವವರಲ್ಲಿ ಖಿನ್ನತೆ, ಆತಂಕ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ. ವರ್ಷಗಟ್ಟಲೆ ನೋವು ತಿಂದು, ಅದರ ಮೇಲೆ ಯಾರೂ ನಂಬದೆ ಹೋದರೆ ಯಾರ ಮನಸ್ಸು ಗಟ್ಟಿಯಾಗಿ ಉಳಿಯುತ್ತದೆ ಹೇಳಿ? ಆದರೆ ಖಿನ್ನತೆ ಇಲ್ಲದೆಯೂ ಫೈಬ್ರೊಮಯಾಲ್ಜಿಯ ಇರುವವರು ಬೇಕಾದಷ್ಟು ಜನ ಇದ್ದಾರೆ. ಒತ್ತಡದಿಂದ ಅಸ್ತಮಾ ಏರಿದರೆ ಅಸ್ತಮಾ ಬರೀ ಕಲ್ಪನೆ ಅಂತ ಯಾರೂ ಅನ್ನುವುದಿಲ್ಲ. ಇಲ್ಲಿ ಮಾತ್ರ ಯಾಕೆ ಅನ್ನಬೇಕು? ಬದುಕೇ ಬೇಡ ಅನ್ನಿಸುವಷ್ಟು ಕುಗ್ಗಿದ್ದರೆ ಅದಕ್ಕೆ ಪ್ರತ್ಯೇಕವಾಗಿ, ತಡಮಾಡದೆ ನೆರವು ಪಡೆಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ಮೈಯಲ್ಲಿ ಏನೋ ಆಗಿದೆ ಅನ್ನುವುದಕ್ಕೆ ಸುಳಿವುಗಳು ಕೂಡುತ್ತಲೇ ಇವೆ. 2013ರ ಸುಮಾರಿಗೆ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷಿಸಿದಾಗ, ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅತಿ ಸೂಕ್ಷ್ಮ ನರಗಳು ಕಡಿಮೆ ಇರುವುದು ಕಂಡಿತು. 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ಹೋರಾಡಲು ಮೈ ತಯಾರಿಸುವ ವಸ್ತುಗಳನ್ನು) ಇಲಿಗಳಿಗೆ ಚುಚ್ಚಿದರು. ಒತ್ತಿದರೆ, ಚಳಿ ತಾಗಿದರೆ ಇಲಿಗಳು ಜಾಸ್ತಿ ನೋವು ತೋರಿಸಿದವು. ಆರೋಗ್ಯವಂತರ ಪ್ರತಿಕಾಯ ಪಡೆದ ಇಲಿಗಳಿಗೆ ಏನೂ ಆಗಲಿಲ್ಲ. ಇದೇ ಕಾರಣ ಅಂತ ಇಷ್ಟಕ್ಕೇ ತೀರ್ಮಾನ ಆಗುವುದಿಲ್ಲ. ಆದರೆ ಇಲಿಗೆ ಅತ್ತೆ ಮನೆಯ ಕೆಲಸ ತಪ್ಪಿಸಿಕೊಳ್ಳುವ ಉದ್ದೇಶ ಇರುವುದಿಲ್ಲ ಅಲ್ವಾ.

ಮನೆತನದಲ್ಲೂ ಇದು ಹರಿದು ಬರುತ್ತದೆ. ಒಬ್ಬರಿಗೆ ಇದ್ದರೆ ಅವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಹಾಗೆ ಮೊದಲೇ ಒಲವಿರುವ ಮೈಗೆ ಅಪಘಾತ, ಆಪರೇಷನ್, ದೊಡ್ಡ ಆಘಾತ, ಸೋಂಕು ಯಾವುದಾದರೂ ಕಿಡಿ ಹಚ್ಚಬಹುದು. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹರಡಿದ್ದು ನೆನಪಿದೆಯಾ? ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ನಮ್ಮ ರಾಜ್ಯದಲ್ಲೇ ಇದ್ದರು. ಜ್ವರ ವಾರದಲ್ಲಿ ಇಳಿಯಿತು, ಕೆಲವರ ನೋವು ವರ್ಷಗಟ್ಟಲೆ ಇಳಿಯಲಿಲ್ಲ. ಅವರಲ್ಲಿ ಕೆಲವರಿಗೆ ಕೀಲೂತ, ಇನ್ನು ಕೆಲವರಿಗೆ ಫೈಬ್ರೊಮಯಾಲ್ಜಿಯದಂಥ ನೋವು.

"ಇದು ಹೆಂಗಸರ ಕಾಯಿಲೆ"

ಹೀಗನ್ನಿಸಲು ಒಂದು ಚರಿತ್ರೆ ಇದೆ. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ ಇದನ್ನು ಫೈಬ್ರೊಸೈಟಿಸ್ ಅಂತ ಕರೆದರು. ಸ್ನಾಯುವಿನ ನಾರಿನಲ್ಲಿ ಉರಿಯೂತ ಇದೆ ಅಂತ ಅವರ ಊಹೆ. ಹುಡುಕಿದರೆ ಉರಿಯೂತ ಸಿಗಲಿಲ್ಲ. 1976ರಲ್ಲಿ ಹೆಸರು ಫೈಬ್ರೊಮಯಾಲ್ಜಿಯ ಅಂತ ಬದಲಾಯಿತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಒಂದು ನಿಯಮ ತಂದಿತು. ಮೈಮೇಲೆ 18 ಜಾಗ ಗುರುತಿಸಿ, ಸುಮಾರು ನಾಲ್ಕು ಕಿಲೋ ಭಾರದಷ್ಟು ಒತ್ತಿ, 11 ಕಡೆಯಾದರೂ ನೋವಾದರೆ ಫೈಬ್ರೊಮಯಾಲ್ಜಿಯ. ಹೀಗೆ ಒತ್ತಿದರೆ ಹೆಂಗಸರ ಮೈ ಗಂಡಸರಿಗಿಂತ ಬೇಗ ನೋಯುತ್ತದೆ. ಹಾಗಾಗಿ ಈ ಅಳತೆಗೋಲಿನಲ್ಲಿ ಗಂಡಸರು ಹೊರಗೇ ಉಳಿದರು. ಹತ್ತು ರೋಗಿಗಳಲ್ಲಿ ಒಂಬತ್ತು ಹೆಂಗಸರು ಅನ್ನುವ ಲೆಕ್ಕ ಬಂದದ್ದು ಹೀಗೆ.

2010ರಲ್ಲಿ ಆ 18 ಜಾಗ ಒತ್ತುವ ಪದ್ಧತಿಯನ್ನೇ ಬಿಟ್ಟು ಹೊಸ ಮಾನದಂಡ ಬಂತು, 2016ರಲ್ಲಿ ಅದನ್ನು ತಿದ್ದಿದರು. ಈಗ ಮೈಯ 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ, ಸುಸ್ತು, ನಿದ್ದೆ, ಮರೆವು ಎಷ್ಟು ಕಾಡುತ್ತಿವೆ ಅಂತ ಅಂಕ ಹಾಕುತ್ತಾರೆ. ಹೀಗೆ ಎಣಿಸಿದಾಗ ಗಂಡಸರ ಸಂಖ್ಯೆ ಏರಿದೆ. ಹೆಂಗಸರೇ ಈಗಲೂ ಜಾಸ್ತಿ, ಆದರೆ ಅಂತರ ಮೊದಲಿನಷ್ಟಿಲ್ಲ. ಮಕ್ಕಳಿಗೂ, ಹದಿಹರೆಯದವರಿಗೂ ಬರುತ್ತದೆ. ಗಂಡಸರು ಇನ್ನೊಂದು ಕಷ್ಟ ಅನುಭವಿಸುತ್ತಾರೆ. ಮೈಯೆಲ್ಲಾ ನೋವು ಅಂತ ಹೇಳಿಕೊಳ್ಳಲು ನಾಚಿಕೆ. ಹೇಳಿಕೊಂಡರೆ ಕುಡಿತ ಜಾಸ್ತಿ ಆಯ್ತು ಅಂತಾರೆ.

2016ರ ತಿದ್ದುಪಡಿಯಲ್ಲಿ ಇನ್ನೊಂದು ಮುಖ್ಯ ಮಾತಿದೆ. ಬೇರೆ ಕಾಯಿಲೆ ಇದ್ದರೂ ಫೈಬ್ರೊಮಯಾಲ್ಜಿಯ ಇರಬಹುದು. ಆಮವಾತ, ಅಂದರೆ ಕೀಲುಗಳು ಊದುವ ಕಾಯಿಲೆ, ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಇದೂ ಇರುತ್ತದೆ. ಊತ ಇಳಿದರೂ ನೋವು ಇಳಿಯದಿದ್ದರೆ ಅದಕ್ಕೆ ಇದು ಕಾರಣ ಇರಬಹುದು.

ಹಾಗಾದರೆ ರಕ್ತ ಪರೀಕ್ಷೆ ಬೇಡವೇ? ಬೇಕು. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ವಿಟಮಿನ್ ಡಿ, ಬಿ12 ಕೊರತೆ ಇದ್ದರೆ ಹೀಗೇ ಮೈ ಕೈ ನೋವು, ಸುಸ್ತು ಬರುತ್ತದೆ. ನಮ್ಮಲ್ಲಿ ಈ ಕೊರತೆಗಳು ತುಂಬಾ ಸಾಮಾನ್ಯ, ಔಷಧವೂ ಸುಲಭ. ಆದರೆ ಒಮ್ಮೆ ಮಾಡಿಸಿದ್ದನ್ನು ಊರು ಬದಲಿಸಿ ಡಾಕ್ಟರ್ ಬದಲಿಸಿ ಆರು ಸಲ ಮಾಡಿಸಬೇಕಾಗಿಲ್ಲ. ನಾವು ಅದನ್ನೇ ಮಾಡಿದ್ದು. ಇನ್ನೊಂದು ಎಚ್ಚರಿಕೆ: ಕೀಲು ಕೆಂಪಾಗಿ ಊದಿದರೆ, ಜ್ವರ ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಒಂದು ಕೈ ಅಥವಾ ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅದು ಫೈಬ್ರೊಮಯಾಲ್ಜಿಯ ಅಲ್ಲ. ತಕ್ಷಣ ತೋರಿಸಬೇಕು. ಒಂದು ಹೆಸರು ಸಿಕ್ಕಿತು ಅಂತ ಮುಂದಿನ ಎಲ್ಲಾ ತೊಂದರೆಯನ್ನೂ ಅದರ ತಲೆಗೇ ಕಟ್ಟಬಾರದು.

"ಮುಂದೆ ಕೈಕಾಲು ಸೊಟ್ಟಗಾಗುತ್ತಂತೆ" ಅನ್ನುವ ಭಯವೂ ಬೇಡ. ಇದು ಕೀಲನ್ನು ತಿನ್ನುವುದಿಲ್ಲ, ಮೂಳೆಯನ್ನು ಸವೆಸುವುದಿಲ್ಲ.

ನೋವಿನ ಮಾತ್ರೆ, ವಿಶ್ರಾಂತಿ: ಎರಡೂ ಕೈಕೊಡುವ ಜಾಗ

ನೋವು ಅಂದ ತಕ್ಷಣ ನಾವು ಮೆಡಿಕಲ್ ಶಾಪಿಗೆ ಹೋಗಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರುತ್ತೇವೆ. ಇವು ಕೆಲಸ ಮಾಡುವುದು ಉರಿಯೂತದ ಮೇಲೆ. ಇಲ್ಲಿ ಆ ಬಗೆಯ ಉರಿಯೂತ ಇಲ್ಲ. ಹಾಗಾಗಿ ಫೈಬ್ರೊಮಯಾಲ್ಜಿಯದ ನೋವಿಗೆ ಇವುಗಳಿಂದ ಹೇಳಿಕೊಳ್ಳುವ ಉಪಯೋಗ ಇಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಹೊಡೆತ ಮಾತ್ರ ಖಂಡಿತ ಬರಬಹುದು. ಸ್ಟೆರಾಯ್ಡ್ ಕೂಡ ಇದಕ್ಕಲ್ಲ. ಒಂದೇ ಡೋಸಿಗೆ ಮೈ ಹಗುರ ಮಾಡುತ್ತೇವೆ ಅಂತ ಹೆಸರಿಲ್ಲದ ಪುಡಿ, ಮಾತ್ರೆ ಕೊಡುವವರ ಹತ್ತಿರ ಹೋಗಲೇಬೇಡಿ. ಒಳಗೆ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಅಫೀಮಿನ ಜಾತಿಯ ಬಲವಾದ ನೋವಿನ ಔಷಧಗಳನ್ನೂ ತಜ್ಞರು ಇದಕ್ಕೆ ಬೇಡ ಅನ್ನುತ್ತಾರೆ.

ಅಮೆರಿಕದಲ್ಲಿ ಈ ಕಾಯಿಲೆಗೆ ಅಂತಲೇ ಒಪ್ಪಿಗೆ ಸಿಕ್ಕ ಮೊದಲ ಔಷಧ ಪ್ರಿಗಾಬಲಿನ್, 2007ರಲ್ಲಿ. 2008ರಲ್ಲಿ ಡುಲೊಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್. ಇವು ವಾಲ್ಯೂಮ್ ತಗ್ಗಿಸುವ, ಬ್ರೇಕ್ ಬಿಗಿ ಮಾಡುವ ಔಷಧಗಳು. ಆದರೆ ಪವಾಡ ಏನಿಲ್ಲ. ಪ್ರಿಗಾಬಲಿನ್ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಹತ್ತರಲ್ಲಿ ಒಬ್ಬರಿಗೆ ಮಾತ್ರ ಹೆಚ್ಚುವರಿಯಾಗಿ ನೋವು ಅರ್ಧಕ್ಕೆ ಇಳಿಯುತ್ತದೆ. ತಲೆಸುತ್ತು, ತೂಕ ಏರುವುದು, ಮಂಪರು ಬೇರೆ. ಯಾರಿಗೆ ಯಾವುದು ಹಿಡಿಸುತ್ತದೆ ಅಂತ ನೋಡುತ್ತಾ ಹೋಗಬೇಕು. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಹಾಗಾದರೆ ಏನು ಕೆಲಸ ಮಾಡುತ್ತದೆ? ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಗಟ್ಟಿಯಾಗಿ ಬೆಂಬಲಿಸಿದ್ದು ಒಂದನ್ನೇ: ವ್ಯಾಯಾಮ. ಇದನ್ನು ಹೇಳಲು ನನಗೆ ಅಳುಕು. ಯಾಕೆಂದರೆ "ಎದ್ದು ನಾಲ್ಕು ಕೆಲಸ ಮಾಡು, ನೋವು ತಾನೇ ಹೋಗುತ್ತೆ" ಅಂತ ಅಕ್ಕನಿಗೆ ಹೇಳಿ ಹೇಳಿ ನೋಯಿಸಿದವರಿಗೆ ಈ ಸಾಲು ಒಂದು ಆಯುಧ ಆಗಬಹುದು. ಅದಲ್ಲ ಇದು.

ಅಕ್ಕನ ಹಳೆಯ ಯುಗಾದಿಗಳು ಹೀಗಿರುತ್ತಿದ್ದವು. ಹಬ್ಬಕ್ಕೆ ವಾರ ಇರುವಾಗ ಒಂದು ದಿನ ಮೈ ಹಗುರ ಅನ್ನಿಸುತ್ತದೆ. ಆ ಒಂದೇ ದಿನ ಅಟ್ಟದ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ಬೆಳಗುವುದು, ಕರ್ಟನ್ ಒಗೆಯುವುದು, ಜಂತಿ ಗುಡಿಸುವುದು. ಮಾರನೇ ದಿನದಿಂದ ಹಾಸಿಗೆ. ಹಬ್ಬದ ದಿನವೂ ಹಾಸಿಗೆ. ಅತ್ತೆಯವರು "ಮೊನ್ನೆ ಕುಣಿದಾಡ್ತಿದ್ದಳಲ್ಲ" ಅನ್ನುತ್ತಿದ್ದರು. ಹಾಸಿಗೆಯಲ್ಲಿ ಇದ್ದಷ್ಟೂ ಸ್ನಾಯು ಸೊರಗುತ್ತದೆ, ನಿದ್ದೆ ಕೆಡುತ್ತದೆ, ಮುಂದಿನ ಸಲ ಇನ್ನೂ ಸಣ್ಣ ಕೆಲಸಕ್ಕೇ ಬೀಳುತ್ತಾಳೆ.

ಒಬ್ಬ ಫಿಸಿಯೊಥೆರಪಿಸ್ಟ್ ಅವಳಿಗೆ ಹೇಳಿಕೊಟ್ಟದ್ದು ಇದಕ್ಕೆ ತೀರಾ ಉಲ್ಟಾ. ಚೆನ್ನಾಗಿರುವ ದಿನ ಜಾಸ್ತಿ ಮಾಡಬೇಡಿ, ಚೆನ್ನಾಗಿಲ್ಲದ ದಿನ ಪೂರ್ತಿ ನಿಲ್ಲಿಸಬೇಡಿ. ಆರು ನಿಮಿಷ ನಡಿಗೆಯಿಂದ ಶುರು. ಗಡಿಯಾರ ನೋಡಿಕೊಂಡು ಆರೇ ನಿಮಿಷ. ಏಳನೇ ನಿಮಿಷಕ್ಕೆ ಉತ್ಸಾಹ ಇದ್ದರೂ ವಾಪಸ್. ಹತ್ತು ದಿನ ಸರಿಹೋದರೆ ಒಂದು ನಿಮಿಷ ಸೇರಿಸುವುದು. ಮೊದಲ ಎರಡು ವಾರ ನೋವು ಸ್ವಲ್ಪ ಏರಿತು. ಅದಕ್ಕೆ ಹೆದರಬೇಡಿ ಅಂತ ಅವರು ಮೊದಲೇ ಹೇಳಿದ್ದರಿಂದ ಅವಳು ಬಿಡಲಿಲ್ಲ. ಒಂದೂವರೆ ವರ್ಷಕ್ಕೆ ಇಪ್ಪತ್ತೆಂಟು ನಿಮಿಷ ಆಗಿತ್ತು. ನಡಿಗೆಯೇ ಆಗಬೇಕು ಅಂತಿಲ್ಲ. ನೀರಿನಲ್ಲಿ ಮಾಡುವ ವ್ಯಾಯಾಮ ಹಲವರಿಗೆ ಹಿಡಿಸುತ್ತದೆ. 2018ರಲ್ಲಿ ಬಾಸ್ಟನ್ನಿನಲ್ಲಿ 226 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಚೀನಾದ ತಾಯ್ ಚಿ ಅನ್ನುವ ನಿಧಾನ ಚಲನೆಯ ಅಭ್ಯಾಸ, ಬೆವರು ಹರಿಸುವ ವ್ಯಾಯಾಮದಷ್ಟೇ, ಕೆಲವು ವಿಷಯದಲ್ಲಿ ಅದಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿತು.

ನಿದ್ದೆಯ ಮಾತನ್ನೂ ಇಲ್ಲೇ ಹೇಳಬೇಕು. 1975ರಲ್ಲಿ ಕೆನಡಾದ ಹಾರ್ವಿ ಮೊಲ್ಡೊಫ್ಸ್‌ಕಿ ಆರೋಗ್ಯವಂತರನ್ನು ಮಲಗಿಸಿ, ಅವರು ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಯೆಲ್ಲಾ ನೋವು, ಒತ್ತಿದರೆ ನೋವು, ಸುಸ್ತು ಶುರುವಾಯಿತು. ಮತ್ತೆ ಚೆನ್ನಾಗಿ ನಿದ್ದೆ ಮಾಡಲು ಬಿಟ್ಟ ಮೇಲೆ ಸರಿಹೋಯಿತು. ನೋವಿನಿಂದ ನಿದ್ದೆ ಕೆಡುವುದು ನಮಗೆಲ್ಲ ಗೊತ್ತು. ನಿದ್ದೆ ಕೆಟ್ಟರೆ ನೋವು ಹುಟ್ಟುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಅಕ್ಕನ ಆ 10 ಮಿಲಿಗ್ರಾಂ ರಾತ್ರಿಯ ಮಾತ್ರೆ. ಮರೆವಿಗೂ ಇದರ ನಂಟಿದೆ. ಒಲೆ ಮೇಲೆ ಹಾಲಿಟ್ಟು ಅಡುಗೆಮನೆಯಲ್ಲೇ ನಿಂತು, ಯಾಕೆ ಬಂದೆ ಅಂತ ಯೋಚಿಸುತ್ತಿರುವ ಅಕ್ಕನನ್ನು ನೋಡಿದ್ದೇನೆ. ಹಾಲು ಉಕ್ಕಿ ಹರಿಯುವವರೆಗೂ ಅವಳಿಗೆ ನೆನಪಾಗಲಿಲ್ಲ.

"ನಿನ್ನೆ ಮದುವೆ ಮನೇಲಿ ಚೆನ್ನಾಗೇ ಇದ್ದಳಲ್ಲ"

ಇದು ಎಲ್ಲಕ್ಕಿಂತ ಜಾಸ್ತಿ ನೋಯಿಸುವ ಮಾತು. ರೇಷ್ಮೆ ಸೀರೆ, ಮಲ್ಲಿಗೆ, ನಗು. ಫೋಟೋದಲ್ಲಿ ಕಾಯಿಲೆ ಎಲ್ಲಿದೆ? ಆ ಮೂರು ಗಂಟೆಗಾಗಿ ಅವಳು ಹಿಂದಿನ ಎರಡು ದಿನ ಯಾವ ಕೆಲಸ ಬಿಟ್ಟಿದ್ದಳು, ಮುಂದಿನ ಮೂರು ದಿನ ಹೇಗೆ ಮಲಗಿದ್ದಳು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ. ಈ ಕಾಯಿಲೆ ದಿನಕ್ಕೊಂದು ತರ. ಬೆಳಿಗ್ಗೆ ಬಾಚಣಿಗೆ ಹಿಡಿಯಲಾಗದ ಕೈ ಸಂಜೆ ಹೂ ಕಟ್ಟಬಹುದು. ಅದು ಸುಳ್ಳಿನ ಗುರುತಲ್ಲ, ಕಾಯಿಲೆಯ ಗುಣವೇ ಹಾಗೆ. 2017ರಲ್ಲಿ ಗಾಯಕಿ ಲೇಡಿ ಗಾಗಾ ತಮಗೆ ಫೈಬ್ರೊಮಯಾಲ್ಜಿಯ ಇದೆ ಅಂತ ಹೇಳಿ, ತೀವ್ರ ನೋವಿನಿಂದ ಯುರೋಪಿನ ಕಾರ್ಯಕ್ರಮಗಳನ್ನು ಮುಂದೂಡಿದರು. ವೇದಿಕೆ ಮೇಲೆ ಕುಣಿಯುವವರಿಗೆ ಎಂಥ ನೋವು ಅಂತ ಅಲ್ಲಿಯೂ ಕೇಳಿದವರಿದ್ದರು.

ಕೆಲಸಕ್ಕೆ ಹೋಗುವವರ ಪಾಡು ಇನ್ನೂ ಕಷ್ಟ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಅದರಲ್ಲಿ ಫೈಬ್ರೊಮಯಾಲ್ಜಿಯದ ಹೆಸರಿಲ್ಲ. ಹಾಗಾಗಿ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು, ಬೇರೆ ಕುರ್ಚಿ ಕೇಳಲು, ಎಸಿ ಗಾಳಿ ನೇರ ಬೀಳದ ಜಾಗದಲ್ಲಿ ಕೂರಲು ಹೆಚ್ಚಿನವರು ಮೇಲಿನವರ ಒಳ್ಳೆಯತನವನ್ನೇ ನಂಬಿಕೊಳ್ಳಬೇಕು. ಇದು ಬದಲಾಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಕ್ಕನ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ಭಾವ ಶುರು ಮಾಡಿದ್ದು. ಬೆಳಿಗ್ಗೆ ಕಾಫಿ ಲೋಟ ಕೊಡುತ್ತಾ "ಇವತ್ತು ಎಷ್ಟು?" ಅಂತ ಕೇಳುತ್ತಾರೆ. ಅಕ್ಕ ಬೆರಳು ತೋರಿಸುತ್ತಾಳೆ. ಐದು ಅಂದರೆ ಮೈ ಚೆನ್ನಾಗಿದೆ, ಒಂದು ಅಂದರೆ ಏಳುವುದೇ ಕಷ್ಟ. ವಿವರಣೆ ಕೊಡಬೇಕಾಗಿಲ್ಲ, ಯಾರೂ ಪುರಾವೆ ಕೇಳುವುದಿಲ್ಲ. ನಾಲ್ಕು ಬೆರಳಿನ ದಿನ ಚಪಾತಿ ಲಟ್ಟಿಸುತ್ತಾಳೆ. ಮೂರಾದರೆ ಉಪ್ಪಿಟ್ಟು, ಒಗ್ಗರಣೆ ಅವಳದ್ದು, ತರಕಾರಿ ಹೆಚ್ಚುವುದು ಮಗನದ್ದು. ಎರಡಾದರೆ ಅಡುಗೆಮನೆ ಪೂರ್ತಿ ಭಾವನದ್ದು. ನಡಿಗೆ ಮಾತ್ರ ಎರಡು ಬೆರಳಿನ ದಿನವೂ ತಪ್ಪುವುದಿಲ್ಲ, ಗೇಟಿನವರೆಗೆ ಹೋಗಿ ಬಂದರೂ ಸರಿ.

ಕಳೆದ ಗೌರಿ ಹಬ್ಬಕ್ಕೆ ನಾನು ಅಲ್ಲಿದ್ದೆ. ಬೆಳಿಗ್ಗೆ ಅಕ್ಕ ಎರಡು ಬೆರಳು ತೋರಿಸಿದಳು. ಅತ್ತೆಯವರು ಒಂದು ಗಳಿಗೆ ಅವಳ ಕೈಯನ್ನೇ ನೋಡಿದರು. ಆಮೇಲೆ ಮೊಮ್ಮಗನನ್ನು ಕರೆದು ದುಡ್ಡು ಕೊಟ್ಟು, "ಹೋಗಪ್ಪ, ಅಂಗಡಿಯಿಂದ ಹತ್ತು ಒಬ್ಬಟ್ಟು ತಗೊಂಡ್ ಬಾ" ಅಂದರು.